ತಿರುಗಿಸಿ ಹಿಡಿದ ಬೇಸ್

ಬಲ್ಮಠದ ಇಳಿಜಾರಿನಲ್ಲಿ ಸ್ಕೂಟರ್ ಜಾರಿ ಬಿದ್ದಾಗ ನನಗೆ ಐವತ್ತಮೂರು ವರ್ಷ. ಯಾವುದೋ ಲಾರಿಯಿಂದ ಉದುರಿದ ಮರಳು ರಸ್ತೆಯ ಮೇಲೆ ಹರಡಿತ್ತು. ಮುಂದಿನ ಬಸ್ಸು ನಿಂತಿತು, ನಾನು ಬ್ರೇಕ್ ಹಿಡಿದೆ, ಅಷ್ಟೇ. ಹೆಲ್ಮೆಟ್ ಇದ್ದುದರಿಂದ ತಲೆಗೆ ಏನೂ ಆಗಲಿಲ್ಲ. ಎಡಗೈ ಮೊಣಕೈಯ ಹತ್ತಿರ ಮುರಿಯಿತು. ಮೂಳೆ ಎರಡು ತಿಂಗಳಲ್ಲಿ ಕೂಡಿಕೊಂಡಿತು, ಆದರೆ ಅಲ್ಲಿ ಹಾದುಹೋಗುವ ಒಂದು ನರಕ್ಕೆ ಪೆಟ್ಟಾಗಿ ಉಂಗುರ ಬೆರಳು ಮತ್ತು ಕಿರುಬೆರಳು ಮರಗಟ್ಟಿಹೋದವು. ಊಟ ಬಲಗೈಯಲ್ಲಿ, ಸಹಿ ಬಲಗೈಯಲ್ಲಿ. ಹಾಗಾಗಿ ನೋಡಲು ಬಂದವರೆಲ್ಲ "ಸದ್ಯ, ಎಡಗೈ ಅಲ್ವಾ" ಎಂದು ಸಮಾಧಾನ ಹೇಳಿ ಹೋದರು. ನಾನೂ ಹೌದು ಎಂದೆ. ಬೇಸ್ ಗಿಟಾರು ಬಾರಿಸುವವನಿಗೆ ತಂತಿ ಒತ್ತುವ ಎಡಗೈಯ ಕಿರುಬೆರಳು ಎಂದರೆ ಏನು ಎಂಬುದನ್ನು ವಿವರಿಸುವಷ್ಟು ಉಸಿರು ಆಗ ನನ್ನಲ್ಲಿರಲಿಲ್ಲ.

ವಾರದಲ್ಲಿ ಆರು ದಿನ ನಾನು ಬಂದರಿನ ಹತ್ತಿರ ಬಲೆ, ಹಗ್ಗ, ತೇಲುಗುಂಡು ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮದು ಮೀನು ಹಿಡಿಯುವ ಮನೆತನ. ಅಪ್ಪ, ಅಜ್ಜ, ದೊಡ್ಡಪ್ಪಂದಿರು ಎಲ್ಲರೂ ಕಡಲಿಗೆ ಹೋದವರೇ. ನನಗೆ ಮಾತ್ರ ದೋಣಿ ಅಳಿವೆ ದಾಟುವ ಮೊದಲೇ ವಾಂತಿ. ನಾಲ್ಕು ಸಲ ಕರೆದುಕೊಂಡು ಹೋಗಿ, ಐದನೆಯ ಸಲ ಅಪ್ಪ ನನ್ನನ್ನು ಈ ಅಂಗಡಿಗೆ ಸೇರಿಸಿದರು. ಅಂಗಡಿಯ ಕೆಲಸ ಮುಗಿದ ಮೇಲೆ ಮಾಡಲು ಏನೂ ಇರಲಿಲ್ಲ. ಬೋಳಾರದಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ, ಹಡಗಿನ ವಾದ್ಯವೃಂದದಲ್ಲಿದ್ದು ನಿವೃತ್ತರಾದ ಮುದುಕರೊಬ್ಬರು ಇದ್ದರು. ಅವರ ಮನೆಯ ಗೋಡೆಗೆ ನಾಲ್ಕು ದಪ್ಪ ತಂತಿಯ ಒಂದು ಗಿಟಾರು ಒರಗಿಸಿಟ್ಟಿತ್ತು. ಅದು ಬೇಸ್. ಹಾಡಿನ ಅಡಿಯಲ್ಲಿ ಗುಂಯ್ ಎಂದು ನಡೆದುಕೊಂಡು ಹೋಗುತ್ತದಲ್ಲ, ಅದು. ಅವರು ನನಗೆ ಬಾರಿಸಲು ಕಲಿಸಿದರು, ಸಾಯುವ ವರ್ಷ ಗಿಟಾರನ್ನೂ ಕೊಟ್ಟರು.

ಆಮೇಲೆ ಮೂವತ್ತು ವರ್ಷ ನಾನು ಒಂದೇ ಬ್ಯಾಂಡಿನಲ್ಲಿ ಬಾರಿಸಿದೆ. ಮದುವೆ, ಮದುವೆಯ ಹಿಂದಿನ ದಿನದ ರೋಸ್, ಬೆಳ್ಳಿಹಬ್ಬ, ಚರ್ಚ್ ಹಾಲಿನ ಊಟ. ಬ್ಯಾಂಡನ್ನು ನಡೆಸುವವರು ಒಬ್ಬ ಟೀಚರ್. ಶಾಲೆಯೊಂದರಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು, ಕೀಬೋರ್ಡ್ ಬಾರಿಸುತ್ತಾರೆ. ಅವರ ಮನೆಮಾತು ಕೊಂಕಣಿ, ನನ್ನದು ತುಳು. ನಮ್ಮಿಬ್ಬರ ನಡುವೆ ಕನ್ನಡ.

ಆ ಮುದುಕರು ಗಿಟಾರಿನ ಜೊತೆ ಒಂದು ಹುಚ್ಚನ್ನೂ ಅಂಟಿಸಿ ಹೋಗಿದ್ದರು. ಹೊರದೇಶದ ಒಬ್ಬ ಪ್ರಸಿದ್ಧ ರಾಕ್ ಸಂಗೀತಗಾರ, ಬೇಸ್ ವಾದಕ. ಅವನ ಹೆಸರು ಇಲ್ಲಿ ಬೇಡ. ಹಡಗಿನಲ್ಲಿದ್ದಾಗ ಅವರು ಅವನ ಕ್ಯಾಸೆಟ್ಟುಗಳನ್ನು ಕೇಳಿ ಕೇಳಿ ಟೇಪು ಸವೆಸಿದ್ದರಂತೆ. ನನಗೆ ಇಂಗ್ಲಿಷ್ ಹಾಡಿನ ಮಾತು ಅರ್ಧ ತಿಳಿಯುತ್ತಿರಲಿಲ್ಲ, ಆದರೆ ಆ ಬೇಸಿನ ಸದ್ದು ತಿಳಿಯುತ್ತಿತ್ತು. ದಪ್ಪವಾಗಿ, ಮೊಂಡಾಗಿ, ಒದ್ದೆ ಮರಕ್ಕೆ ಕೊಡತಿಯಿಂದ ಹೊಡೆದ ಹಾಗೆ. ನನಗೆ ಅದೇ ಸದ್ದು ಬೇಕಿತ್ತು.

ಬ್ಯಾಂಡಿಗೆ ಸೇರಿದ ಹೊಸದರಲ್ಲಿ ಕುದ್ರೋಳಿಯ ಗುಜರಿ ಅಂಗಡಿಯಲ್ಲಿ ಹಳೆಯ ಇಂಗ್ಲಿಷ್ ಪತ್ರಿಕೆಗಳ ಕಟ್ಟು ಸಿಕ್ಕಿತು. ಅದರಲ್ಲಿ ಆ ಸಂಗೀತಗಾರ ಬಳಸಿದ ಬೇಸುಗಳ, ಸದ್ದು ಹೆಚ್ಚಿಸುವ ಆಂಪುಗಳ, ತಂತಿಗಳ ಬಗ್ಗೆ ನಾಲ್ಕು ಪುಟದ ಲೇಖನವಿತ್ತು, ಫೋಟೋಗಳ ಸಮೇತ. ಮೊದಲನೆಯದು ಅಗ್ಗದ ಬೇಸ್, ಬಣ್ಣ ಕಿತ್ತುಹೋದದ್ದು. ಆಮೇಲೆ ಒಂದು ಭಾರವಾದ ಬೇಸ್, ಅದನ್ನು ಹತ್ತಾರು ವರ್ಷ ಬಿಡಲಿಲ್ಲ. ತಂತಿ ನಯವಾಗಿ ಸುತ್ತಿದ್ದು, ತುಂಡಾಗುವವರೆಗೆ ಬದಲಿಸುವುದಿಲ್ಲ. ತಂತಿಗಳ ಅಡಿಗೆ, ಕೆಳತುದಿಯಲ್ಲಿ, ಸದ್ದು ಮೊಂಡಾಗಲು ಒಂದು ಸ್ಪಂಜಿನ ತುಂಡು. ಆಂಪು ಹಳೆಯ ಕಾಲದ್ದು, ಒಳಗೆ ಬಲ್ಬಿನಂಥ ವಾಲ್ವುಗಳು ಕೆಂಪಗೆ ಉರಿಯುವಂಥದ್ದು.

ಆ ನಾಲ್ಕು ಪುಟಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ನಾನು ಓದಿದ್ದಕ್ಕೆ ಲೆಕ್ಕವಿಲ್ಲ. ಅಲ್ಲಿದ್ದದ್ದೆಲ್ಲ ನನಗೂ ಬೇಕಾಯಿತು. ಅಂಥ ಬೇಸ್ ಸಿಗುವ ಮಾತೇ ಇರಲಿಲ್ಲ, ಹಾಗಾಗಿ ಮುದುಕರ ಬೇಸನ್ನೇ ಅದರ ಹಾಗೆ ಮಾಡಲು ಹೊರಟೆ. ಸ್ಪಂಜು ಬೇಗ ಕುಗ್ಗುತ್ತಿತ್ತು, ಅದರ ಬದಲು ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ ಸಿಕ್ಕಿಸಿದೆ. ಹೊಸ ತಂತಿ ಹಾಕಿದರೆ ಮಿಂಚುವ ಸದ್ದು ಬರುತ್ತದೆಂದು ಹಳೆಯದನ್ನೇ ತುಕ್ಕು ಹಿಡಿಯುವವರೆಗೆ ಇಟ್ಟೆ. ನಮ್ಮ ಊರಿನ ಗಾಳಿಗೆ ಅದು ಬೇಗ ಹಿಡಿಯುತ್ತದೆ. ರೇಡಿಯೋ ರಿಪೇರಿಯವರೊಬ್ಬರನ್ನು ಕಾಡಿ, ಹಳೆಯ ರೇಡಿಯೋಗಳ ವಾಲ್ವುಗಳನ್ನು ಸೇರಿಸಿ ಒಂದು ಆಂಪು ಮಾಡಿಸಿಕೊಂಡೆ. ಅದು ಬಿಸಿಯಾಗಲು ಹತ್ತು ನಿಮಿಷ ಬೇಕು, ಎತ್ತಲು ಇಬ್ಬರು ಬೇಕು. ಮೂವತ್ತು ವರ್ಷ ಅದನ್ನು ರಿಕ್ಷಾಕ್ಕೆ ಹತ್ತಿಸಿ ಇಳಿಸಿ ನನ್ನ ಸೊಂಟ ಹೋಯಿತು. ಪತ್ರಿಕೆಯಲ್ಲಿದ್ದ ಸದ್ದಿಗೆ ಹತ್ತಿರ ಬಂದೆನೋ ಇಲ್ಲವೋ, ಈಗಲೂ ಗೊತ್ತಿಲ್ಲ.

ಕೈ ಪಟ್ಟಿಯಲ್ಲಿ ನೇತಾಡುತ್ತಿದ್ದಾಗ ಒಂದು ಭಾನುವಾರ ನಮ್ಮ ಬ್ಯಾಂಡಿನ ಕಾರ್ಯಕ್ರಮಕ್ಕೆ ಹೋದೆ. ಮನೆಯಲ್ಲಿ ಕೂತು ಬೇಜಾರಾಗಿತ್ತು. ಚರ್ಚ್ ಹಾಲಿನಲ್ಲಿ ಮಧ್ಯಾಹ್ನದ ಊಟ, ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತೆ. ನಾನಿಲ್ಲದ ಬ್ಯಾಂಡು ಹೇಗಿರುತ್ತದೆ ಎಂದು ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಟೀಚರ್ ಬಲಗೈಯಲ್ಲಿ ರಾಗ ಬಾರಿಸುತ್ತ, ಎಡಗೈಯಲ್ಲಿ ಕೀಬೋರ್ಡಿನ ಕೆಳಗಿನ ಮನೆಗಳಲ್ಲಿ ಬೇಸಿನ ಸ್ವರಗಳನ್ನು ಹಾಕುತ್ತಿದ್ದರು. ನಾನು ಬಾರಿಸುವ ಸ್ವರಗಳೇ. ಜನ ಕುಣಿದರು. ಪಕ್ಕದಲ್ಲಿ ಕೂತ ಹೆಂಗಸು ಕಾಲಿನಿಂದ ತಾಳ ಹಾಕುತ್ತಿದ್ದಳು. ಇಡೀ ಹಾಲಿನಲ್ಲಿ ಏನೋ ಕಡಿಮೆಯಾಗಿದೆ ಎಂದು ಒಬ್ಬರ ಮುಖದಲ್ಲೂ ಕಾಣಲಿಲ್ಲ.

ಊಟದ ಸಾಲಿನಲ್ಲಿ ಟೀಚರ್ ಸಿಕ್ಕಿದರು. "ಎಂತ ಮಾಡುದು ಮಾರಾಯ್ರೆ, ಬೇರೆ ಬೇಸಿನವರನ್ನು ಹುಡುಕ್ಲಿಕ್ಕೆ ನನಗೆ ಮನಸ್ಸಿಲ್ಲ. ನೀವು ಬರುವವರೆಗೆ ಹೀಗೆ."

"ಚೆಂದ ಉಂಟು ಟೀಚರ್."

"ಚೆಂದ ಎಂತ ಚೆಂದ. ನನ್ನ ಎಡಗೈ ಬಿದ್ದುಹೋಗ್ತದೆ."

ನಾನು ನಕ್ಕೆ. ಮನೆಗೆ ಬಂದು ಬೇಸನ್ನು ಚೀಲದೊಳಗೆ ಹಾಕಿ ಮಂಚದ ಕೆಳಗೆ ತಳ್ಳಿದೆ.

ಪಟ್ಟಿ ಬಿಚ್ಚಿದ ಮೇಲೆ ಆರು ತಿಂಗಳು ವ್ಯಾಯಾಮ ಮಾಡಿಸಿದರು. ರಬ್ಬರ್ ಚೆಂಡು ಹಿಸುಕುವುದು, ಬಟ್ಟೆ ಹಿಂಡುವುದು, ಅಕ್ಕಿಯ ಪಾತ್ರೆಯಲ್ಲಿ ಬೆರಳಾಡಿಸುವುದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಸರಿ ಇದ್ದವು. ಉಳಿದೆರಡು ಸೊಟ್ಟಗೆ ಬಾಗಿ, ಬೇರೆ ಯಾರದೋ ಬೆರಳಿನ ಹಾಗೆ ಅಂಗೈಗೆ ಅಂಟಿಕೊಂಡಿದ್ದವು. ಕೊನೆಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ನೇರವಾಗಿ ಹೇಳಿದರು: "ಸ್ವಲ್ಪ ಸರಿಯಾಗಬಹುದು. ಮೊದಲಿನ ಹಾಗೆ ಆಗುದಿಲ್ಲ. ನಿಮಗೆ ಸುಮ್ಮನೆ ಆಸೆ ಕೊಡುದು ಬೇಡ ಅಂತ ಹೇಳ್ತಿದ್ದೇನೆ." ನನಗೆ ದುಃಖಕ್ಕಿಂತ ಮೊದಲು ಬಂದದ್ದು ಒಂಥರ ಬಿಡುಗಡೆ. ಇನ್ನು ಅಕ್ಕಿಯ ಪಾತ್ರೆ ಬೇಡ. ಇನ್ನು ಆಂಪು ಎತ್ತುವುದು ಬೇಡ. ಭಾನುವಾರ ಮಲಗಬಹುದು.

ಎಲ್ಲವನ್ನೂ ಮಾರಿಬಿಡುತ್ತೇನೆ ಎಂದು ಗುರುತಿನವರಿಗೆ ಹೇಳಿದೆ. ಹದಿನೈದು ದಿನದಲ್ಲಿ ಒಬ್ಬರು ಬಂದರು. ಗಲ್ಫಿನಲ್ಲಿ ಬಹಳ ವರ್ಷ ದುಡಿದು ವಾಪಸಾದವರು, ನನ್ನದೇ ವಯಸ್ಸು. ಅವರಿಗೂ ಅದೇ ಸಂಗೀತಗಾರನ ಹುಚ್ಚು. ಹೊಸ ಮನೆಯ ಒಂದು ಕೋಣೆಯಲ್ಲಿ ಅವನಿಗೆ ಸಂಬಂಧಿಸಿದ್ದನ್ನೆಲ್ಲ ಜೋಡಿಸುತ್ತಿದ್ದರು. ಜಂಬದ ಮನುಷ್ಯ ಇರಬಹುದು ಎಂದುಕೊಂಡಿದ್ದೆ, ಹಾಗಿರಲಿಲ್ಲ. ಆಂಪಿನ ಮುಂದೆ ನೆಲದ ಮೇಲೆಯೇ ಕೂತು, ವಾಲ್ವು ಬಿಸಿಯಾಗುವವರೆಗೆ ಕಾದರು.

"ಇದನ್ನು ಇಲ್ಲೇ ಮಾಡಿಸಿದ್ದಾ?"

"ಹೌದು. ರೇಡಿಯೋ ರಿಪೇರಿಯವರು. ಈಗ ಅವರಿಲ್ಲ."

"ಎಂಥ ಕೆಲಸ," ಎಂದು ಅದರ ಮೇಲೆ ಅಂಗೈ ಇಟ್ಟರು.

ಅವರಿಗೆ ತೋರಿಸಲು ಪತ್ರಿಕೆಯ ಪುಟಗಳನ್ನು ತೆಗೆದೆ. ಬಹಳ ವರ್ಷದ ನಂತರ ನನ್ನ ಭಾಷೆ ತಿಳಿಯುವ ಒಬ್ಬರು ಸಿಕ್ಕಿದ್ದರು. ತಂತಿ ಯಾಕೆ ಹಾಗೆ, ಚಪ್ಪಲಿಯ ತುಂಡು ಯಾಕೆ, ಎಲ್ಲ ಹೇಳುತ್ತ ಹೋದೆ. ಅಷ್ಟರಲ್ಲಿ ಹೆಂಡತಿ ಚಹಾ ಮತ್ತು ಗೋಳಿಬಜೆ ತಂದಳು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಈ ಪುಟಗಳನ್ನು ಅವಳು ಕಪಾಟು ಒರೆಸುವಾಗ ಎಷ್ಟೋ ಸಲ ಎತ್ತಿಟ್ಟಿದ್ದಾಳೆ, ಬಿಡಿಸಿ ನೋಡಿದವಳಲ್ಲ. ಅವತ್ತು ತಟ್ಟೆ ಇಡಲು ಜಾಗ ಮಾಡುತ್ತ ಮೊದಲ ಫೋಟೋದ ಮೇಲೆ ಕಣ್ಣು ಹಾಯಿಸಿದಳು. ನಮ್ಮ ಮನೆಯ ಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇವರು ಎಡಗೈಯವರಾ?" ಎಂದು ಕೇಳಿದಳು.

"ಹೌದು," ಎಂದೆ. ಅದು ಎಲ್ಲರಿಗೂ ಗೊತ್ತಿರುವ ವಿಷಯ.

"ಇದು ನಿಮ್ಮದರ ಹಾಗಿನದ್ದೇ ಅಲ್ವಾ? ತಿರುಗಿಸಿ ಹಿಡಿದಿದ್ದಾರೆ."

ಅವಳು ಹೇಳಿದ್ದು ಸರಿಯಾಗಿತ್ತು. ಆ ಮೊದಲ ಅಗ್ಗದ ಬೇಸ್ ಬಲಗೈಯವರಿಗೆ ಮಾಡಿದ್ದು. ಎಡಗೈಯದ್ದು ಕೊಳ್ಳುವ ಶಕ್ತಿ ಇಲ್ಲದೆ ಅವನು ಅದನ್ನೇ ತಿರುಗಿಸಿ, ತಂತಿಗಳ ಸಾಲು ಬದಲಿಸಿ ಬಾರಿಸುತ್ತಿದ್ದ ಎಂದು ಫೋಟೋದ ಕೆಳಗೆಯೇ ಬರೆದಿತ್ತು. ಆ ಸಾಲನ್ನು ನಾನು ನೂರು ಸಲ ಓದಿದ್ದೆ. ಓದಿದ್ದು ಬೇಸಿನ ಮರ ಯಾವುದು, ತಂತಿ ಯಾವುದು ಎಂದು ತಿಳಿಯಲು. ಕೈಯ ಬಗ್ಗೆ ಯೋಚಿಸಿರಲಿಲ್ಲ.

ಹೆಂಡತಿ ಹುಟ್ಟು ಎಡಚಿ. ಎಡಗೈಯವರನ್ನು ಎಲ್ಲಿ ಕಂಡರೂ, ಬಸ್ಸಿನಲ್ಲಿ, ಟಿವಿಯಲ್ಲಿ, ಗುರುತು ಹಿಡಿಯುತ್ತಾಳೆ. ಅವಳು ನನ್ನ ಕೈ ನೋಡಿದಳು, ಫೋಟೋ ನೋಡಿದಳು. "ನಿಮ್ಮ ಬಲಗೈಯಲ್ಲಿ ಐದೂ ಬೆರಳು ಸರಿ ಉಂಟಲ್ಲ. ಒತ್ತುವ ಕೆಲಸ ಅದಕ್ಕೆ ಕೊಟ್ಟು, ಮೀಟುವುದನ್ನು ಈ ಕೈಗೆ ಕೊಟ್ರೆ ಆಗುದಿಲ್ವಾ? ಮೀಟ್ಲಿಕ್ಕೆ ಎಷ್ಟು ಬೆರಳು ಬೇಕು?"

"ಈ ವಯಸ್ಸಿನಲ್ಲಾ?" ಎಂದೆ.

ಅವಳು ಒಳಗೆ ಹೋದಳು. ಗಲ್ಫಿನವರು ಚಹಾ ಮುಗಿಸಿದರು. ಆಮೇಲೆ, "ಆಂಪು ನಾನು ತಗೊಳ್ತೇನೆ. ಬೇಸ್ ಇರ್ಲಿ. ನೀವು ಮೊದಲು ನೋಡಿ, ಆಗದಿದ್ರೆ ಫೋನ್ ಮಾಡಿ. ನಾನು ಎಲ್ಲಿಗೂ ಹೋಗುದಿಲ್ಲ" ಎಂದರು. ಹೋಗುವಾಗ ಪತ್ರಿಕೆಯ ಪುಟಗಳನ್ನು ನಾನಾಗಿಯೇ ಅವರ ಕೈಗೆ ಕೊಟ್ಟೆ. ಅವರ ಮುಖ ಅರಳಿದ್ದು ನೋಡಿ ನನಗೂ ಹಗುರವೆನಿಸಿತು.

ಬೇಸನ್ನು ತಿರುಗಿಸುವುದು ಕೇಳಿದಷ್ಟು ಸುಲಭವಲ್ಲ. ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಒಂದು ಸಣ್ಣ ಪಟ್ಟಿ ಇರುತ್ತದೆ. ದಪ್ಪ ತಂತಿಗೆ ಅಗಲ ಗೀರು, ತೆಳು ತಂತಿಗೆ ಕಿರಿದಾದ ಗೀರು. ಸಾಲು ಬದಲಿಸಿದರೆ ದಪ್ಪ ತಂತಿ ಕೂರುವುದಿಲ್ಲ, ತೆಳುವಾದದ್ದು ಅಲ್ಲಾಡುತ್ತದೆ. ಹೊಳೆಯ ಬದಿಯಲ್ಲಿ ದೋಣಿ ಕಟ್ಟುವ ಆಚಾರಿಯವರ ಹತ್ತಿರ ಹೋದೆ. ಅಪ್ಪನ ದೋಣಿಯನ್ನು ಕಟ್ಟಿದವರು. ಹೆಬ್ಬಲಸಿನ ಹಲಗೆಗಳ ನಡುವೆ ಕೂತಿದ್ದ ಅವರು ಬೆರಳಿನಷ್ಟು ಉದ್ದದ ಆ ಪಟ್ಟಿಯನ್ನು ಅಂಗೈಯಲ್ಲಿಟ್ಟು ನೋಡಿದರು.

"ಇಷ್ಟು ಸಣ್ಣ ಕೆಲಸ ನಾನು ಮಾಡಿದ್ದಿಲ್ಲ."

"ಬೇರೆ ಯಾರಲ್ಲಿಗೆ ಹೋಗುದು ಅಂತ ಗೊತ್ತಾಗ್ಲಿಲ್ಲ."

"ಇಡಿ ಅಲ್ಲಿ. ಬುಧವಾರ ಬನ್ನಿ."

ಬುಧವಾರ ಹೋದಾಗ ಒಂದರ ಬದಲು ಮೂರು ಮಾಡಿಟ್ಟಿದ್ದರು, ಗಟ್ಟಿ ಮರದ್ದು. ಮೊದಲೆರಡರಲ್ಲಿ ಗೀರು ಆಳವಾಗಿತ್ತಂತೆ. ಮೂರನೆಯದು ಸರಿಯಾಗಿ ಕೂತಿತು. ಬೆಲ್ಟ್ ಸಿಕ್ಕಿಸುವ ಗುಬ್ಬಿಯನ್ನೂ ಅವರೇ ಬೇಸಿನ ಮೈಯ ಇನ್ನೊಂದು ಕೊಂಬಿಗೆ ಕೂರಿಸಿಕೊಟ್ಟರು. ತಿರುಗಿಸಿ ಹಿಡಿದಾಗ ಸದ್ದು ಏರಿಸುವ ಗುಂಡಿಗಳು ಮೇಲೆ ಬಂದು ನನ್ನ ಮುಂಗೈಗೆ ತಾಗಿ ತಾವೇ ತಿರುಗುತ್ತಿದ್ದವು. ಅವನ್ನು ಟೇಪಿನಿಂದ ಬಿಗಿದೆ. ವಯರು ಚುಚ್ಚುವ ಜಾಗ ಎದೆಯ ಬಳಿ ಬಂತು. ಅದಕ್ಕೆ ಪರಿಹಾರ ಸಿಗಲಿಲ್ಲ, ಈಗಲೂ ಚುಚ್ಚುತ್ತದೆ.

ಬೆಳಿಗ್ಗೆ ಆರಕ್ಕೆ ಎದ್ದು ಅಂಗಡಿಗೆ ಹೋಗುವ ಮೊದಲು ಜಗಲಿಯಲ್ಲಿ ಕೂರುತ್ತಿದ್ದೆ. ನನ್ನ ಬಲಗೈ ಮೂವತ್ತು ವರ್ಷ ಮೀಟಿದ ಕೈ, ಒತ್ತಿ ಹಿಡಿಯುವುದು ಅದಕ್ಕೆ ಗೊತ್ತಿರಲಿಲ್ಲ. ಯಾವ ಸ್ವರ ಎಲ್ಲಿದೆ ಎಂದು ತಲೆಗೆ ತಿಳಿದಿತ್ತು, ಬೆರಳು ಅಲ್ಲಿಗೆ ಹೋಗುತ್ತಿರಲಿಲ್ಲ. ಹೋದರೂ ತಡವಾಗಿ, ಬೇರೆ ತಂತಿಯ ಮೇಲೆ. ಬೆರಳ ತುದಿಯಲ್ಲಿ ಬೊಕ್ಕೆ ಎದ್ದವು, ಬಲೆಯ ಹಗ್ಗ ಅಳೆದು ಕೊಡುವಾಗ ಉರಿಯುತ್ತಿತ್ತು. ಎಡಗೈಯಲ್ಲಿ ಹೆಬ್ಬೆರಳು ಮತ್ತು ಎರಡು ಬೆರಳಿನ ನಡುವೆ ಪ್ಲಾಸ್ಟಿಕ್ಕಿನ ತುಂಡು ಹಿಡಿದು ಮೀಟಬೇಕು. ಮೊದಮೊದಲು ಅದು ಹತ್ತು ನಿಮಿಷಕ್ಕೊಮ್ಮೆ ಜಾರಿ ಬೀಳುತ್ತಿತ್ತು. ಬಗ್ಗಿ ಹೆಕ್ಕುವುದು, ಮತ್ತೆ ಶುರು ಮಾಡುವುದು. ಎರಡು ತಿಂಗಳಾದರೂ ಒಂದು ಸರಳ ಹಾಡನ್ನು ನಿಲ್ಲದೆ ಬಾರಿಸಲು ಬರಲಿಲ್ಲ. ಇಪ್ಪತ್ತನೆಯ ವಯಸ್ಸಿನಲ್ಲಿ ಕಲಿಯುವಾಗ ತಪ್ಪಾದರೆ ನಗು ಬರುತ್ತಿತ್ತು. ಈಗ ನಿದ್ದೆ ಬರುತ್ತಿತ್ತು.

ಒಂದು ಬೆಳಿಗ್ಗೆ ಸಹಿಸಲಾಗದೆ ನನ್ನ ಬಲಗೈಯನ್ನು ಜಗಲಿಯ ಕಂಬಕ್ಕೆ ಬಡಿದೆ. ಹೆಂಡತಿ ಹೊಲಿಗೆ ಯಂತ್ರದ ಹತ್ತಿರದಿಂದ ಎದ್ದು ಬಂದಳು.

"ಕೈಗೆ ಹೊಡೀಬೇಡಿ."

"ಅದಕ್ಕೆ ಬುದ್ಧಿ ಇಲ್ಲ."

"ಶಾಲೆಯಲ್ಲಿ ನನಗೂ ಹಾಗೇ ಹೇಳ್ತಿದ್ರು." ಅವಳು ಮೆಟ್ಟಿಲ ಮೇಲೆ ಕೂತಳು. "ಎಡಗೈಯಲ್ಲಿ ಬರೆದ್ರೆ ಬೆರಳ ಗಂಟಿಗೆ ಫುಟ್‌ರೂಲಿನಲ್ಲಿ ಹೊಡೆಯುದು. ಬಲಗೈಯಲ್ಲಿ ಬರೆದ್ರೆ ಅಕ್ಷರ ಸೊಟ್ಟ ಅಂತ ಮತ್ತೆ ಹೊಡೆಯುದು. ಎರಡು ಕೈಗೂ ಪೆಟ್ಟು. ಮೂರನೇ ಕ್ಲಾಸಿನಲ್ಲಿ ಒಂದು ವರ್ಷ ನಾನು ಬರೆಯುದೇ ಬಿಟ್ಟಿದ್ದೆ."

ನಮ್ಮ ಮದುವೆಯಾಗಿ ಇಪ್ಪತ್ತಾರು ವರ್ಷ. ಅವಳು ಬಲಗೈಯಲ್ಲಿ ಬರೆಯುವುದನ್ನೂ ಎಡಗೈಯಲ್ಲಿ ಮೀನು ಕತ್ತರಿಸುವುದನ್ನೂ ದಿನಾ ನೋಡಿದ್ದೇನೆ. ಅದರ ನಡುವೆ ಏನಾಗಿತ್ತು ಎಂದು ಕೇಳಿರಲಿಲ್ಲ.

"ಆಮೇಲೆ ಹೇಗೆ ಬಂತು?"

"ಬಂತು. ಯಾವಾಗ ಅಂತ ಗೊತ್ತಿಲ್ಲ. ಕತ್ತರಿ ಈಗ್ಲೂ ಬಲಗೈಯವರದ್ದೇ ಅಲ್ವಾ. ದಿನಾ ಅದನ್ನೇ ಎಡಗೈಯಲ್ಲಿ ಹಿಡಿದು ಬಟ್ಟೆ ಕತ್ತರಿಸ್ತೇನೆ. ಸಾಯಂಕಾಲ ಆಗುವಾಗ ಹೆಬ್ಬೆರಳು ಸೋಲ್ತದೆ."

"ಇಷ್ಟು ವರ್ಷದ ಮೇಲೂ?"

"ಇಷ್ಟು ವರ್ಷದ ಮೇಲೂ," ಎಂದು ಎದ್ದು ಒಳಗೆ ಹೋದಳು. ಅವಳ ಧ್ವನಿಯಲ್ಲಿ ದೂರು ಇರಲಿಲ್ಲ. ನನಗೆ ಮಾತ್ರ ಬಹಳ ಹೊತ್ತು ಬೇಸ್ ಮುಟ್ಟಲಾಗಲಿಲ್ಲ. ಆ ವಾರವೇ ಪೇಟೆಯೆಲ್ಲ ಸುತ್ತಿ ಎಡಗೈಯವರ ಕತ್ತರಿ ಕೇಳಿದೆ. ಎಲ್ಲಿಯೂ ಇರಲಿಲ್ಲ. ಗಲ್ಫಿನವರಿಗೆ ಫೋನ್ ಮಾಡಿದಾಗ ಅವರು ಎಲ್ಲಿಂದಲೋ ತರಿಸಿಕೊಟ್ಟರು. ಹೆಂಡತಿ ಅದನ್ನು ಎರಡು ದಿನ ಬಳಸಿ, "ಇದಕ್ಕೆ ನನ್ನ ಕೈ ಹೊಂದುದಿಲ್ಲ, ಹಳೆಯದ್ದೇ ಅಭ್ಯಾಸ ಆಗಿದೆ" ಎಂದು ಪೆಟ್ಟಿಗೆಯಲ್ಲಿಟ್ಟಳು. ನನಗೆ ಬೇಸರವಾಯಿತು, ತೋರಿಸಲಿಲ್ಲ. ತಿಂಗಳು ಕಳೆದು ನೋಡಿದರೆ ಹೊಸದರಲ್ಲೇ ಕತ್ತರಿಸುತ್ತಿದ್ದಳು.

ಹನ್ನೊಂದು ತಿಂಗಳಾದಾಗ ನಾಲ್ಕು ಹಾಡು ಬಂದವು. ಚೆನ್ನಾಗಿ ಅಲ್ಲ, ಆದರೆ ನಿಲ್ಲದೆ. ಟೀಚರ್ ಮನೆಗೆ ಹೋಗಿ ಬಾರಿಸಿ ತೋರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಮೊದಲು ನೀವು ತುಂಬ ಸ್ವರ ಹಾಕ್ತಿದ್ರಿ," ಎಂದರು ಕೊನೆಗೆ. "ಈಗ ಕಡಿಮೆ."

"ಹೆಚ್ಚು ಹಾಕ್ಲಿಕ್ಕೆ ಬರುದಿಲ್ಲ ಟೀಚರ್."

"ಇರ್ಲಿ. ಇಷ್ಟು ಸಾಕು. ಬರುವ ಭಾನುವಾರ ಒಂದು ಬೆಳ್ಳಿಹಬ್ಬದ ಊಟ ಉಂಟು. ಎರಡು ಹಾಡಿಗೆ ಬನ್ನಿ."

ಆ ಭಾನುವಾರ ನನ್ನ ಸ್ವಂತ ಆಂಪು ಇರಲಿಲ್ಲ. ಹಾಲಿನ ಮೈಕಿನವರ ಪೆಟ್ಟಿಗೆಗೇ ವಯರು ಚುಚ್ಚಿದೆ. ಕುರ್ಚಿಯಲ್ಲಿ ಕೂತು ಬಾರಿಸಿದೆ, ನಿಂತರೆ ಕೈ ಎಲ್ಲಿದೆ ಎಂದು ಕಾಣುತ್ತಿರಲಿಲ್ಲ. ಮೊದಲ ಹಾಡು ನಿಧಾನದ್ದು, ದಂಪತಿಗಳು ಕೈ ಹಿಡಿದು ತಿರುಗುವಂಥದ್ದು. ನಾಲ್ಕನೆಯ ಸಾಲಿನವರೆಗೆ ಸರಿಯಿತ್ತು. ಅಲ್ಲಿ ಬೆರಳು ಒಂದು ಮನೆ ಆಚೆ ಬಿತ್ತು, ಕೆಟ್ಟ ಸ್ವರವೊಂದು ಹಾಲಿಡೀ ಗುಂಯ್ ಎಂದಿತು. ಡ್ರಮ್ಮಿನವನು ತಿರುಗಿ ನೋಡಿದ. ಕುಣಿಯುತ್ತಿದ್ದ ದಂಪತಿಗಳೂ ನೋಡಿದರು. ಟೀಚರ್ ಮಾತ್ರ ನನ್ನ ಕಡೆ ನೋಡಲಿಲ್ಲ, ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಬಲಗೈಯಲ್ಲೇ ಬಾರಿಸುತ್ತ ಹೋದರು. ಬೇಸಿನ ಜಾಗ ಖಾಲಿ ಬಿಟ್ಟಿದ್ದರು. ಮುಂದಿನ ಸಾಲಿಗೆ ನಾನೇ ಸೇರಿಕೊಳ್ಳಬೇಕಾಯಿತು, ಸೇರಿಕೊಂಡೆ. ಎರಡನೆಯ ಹಾಡಿನಲ್ಲಿ ತಪ್ಪಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಊಟಕ್ಕೆ ಕರೆದದ್ದರಿಂದ ಎಲ್ಲರೂ ಎದ್ದಿದ್ದರು.

ಇಡ್ಲಿಯಂಥ ಸನ್ನಾ ಮತ್ತು ಮಾಂಸದ ತಟ್ಟೆ ಹಿಡಿದು ಟೀಚರ್ ಪಕ್ಕದಲ್ಲಿ ಕೂತರು. "ಕೈ ನೋಯ್ತದಾ?"

"ನೋಯ್ತದೆ."

"ನನಗೂ. ಸಂಧಿವಾತ ಶುರುವಾಗಿದೆ, ಡ್ರಮ್ಮಿನವನಿಗೆ ಹೇಳ್ಬೇಡಿ."

ಇಬ್ಬರೂ ಉಂಡೆವು.

ಅದಾಗಿ ಈಗ ಐದು ತಿಂಗಳು. ತಿಂಗಳಿಗೆ ಎರಡು ಕಾರ್ಯಕ್ರಮಕ್ಕೆ ಹೋಗುತ್ತೇನೆ, ಎಲ್ಲ ಮಧ್ಯಾಹ್ನದ್ದು. ಒಂದೊಂದರಲ್ಲಿ ಆರು ಹಾಡು, ಉಳಿದದ್ದು ಟೀಚರ್ ಎಡಗೈಗೆ. ಮರುದಿನ ಬಲಗೈ ಮಣಿಕಟ್ಟು ಊದಿಕೊಂಡು ಅಂಗಡಿಯಲ್ಲಿ ಹಗ್ಗದ ಸುರುಳಿ ಎತ್ತಲು ಆಗುವುದಿಲ್ಲ. ಆ ಪ್ರಸಿದ್ಧ ಸಂಗೀತಗಾರನ ಸದ್ದಿನ ಹತ್ತಿರಕ್ಕೂ ಇದು ಬರುವುದಿಲ್ಲ. ಮನೆಯಲ್ಲಿ ಈಗ ಅವನ ಸಾಮಾನಿನ ಪಟ್ಟಿಯೂ ಇಲ್ಲ, ಇದ್ದರೂ ತೆಗೆದು ನೋಡುತ್ತಿದ್ದೆನೆಂದು ಅನ್ನಿಸುವುದಿಲ್ಲ. ಮೊನ್ನೆ ಟೀಚರ್ ಫೋನ್ ಮಾಡಿ ಕ್ರಿಸ್ಮಸ್ಸಿನ ವಾರಕ್ಕೆ ಐದು ಕಡೆ ಕರೆದಿದ್ದಾರೆ ಎಂದರು. ಎರಡಕ್ಕೆ ಬರುತ್ತೇನೆ, ಐದು ಆಗುವುದಿಲ್ಲ ಎಂದೆ. "ಎರಡು ಸಾಕು, ನನಗೂ ಅಷ್ಟೇ ಆಗುದು," ಎಂದು ಅವರು ಫೋನ್ ಇಟ್ಟರು. ನಾನು ಮಣಿಕಟ್ಟಿಗೆ ಬಿಸಿನೀರಿನ ಬಟ್ಟೆ ಸುತ್ತಿಕೊಂಡು ಸ್ವಲ್ಪ ಮಲಗಿದೆ.